ಮೈದುನನ ರಾಕೆಟ್ಟು, ನನ್ನ ಬೋರ್ಡು

ನನ್ನ ಮೈದುನ ಮೈಕಿನ ಮುಂದೆ ನಿಂತು ನನ್ನ ಬಗ್ಗೆ ಮಾತಾಡಿದ್ದು ಒಂದೇ ಸಲ. ಆಗಲೂ ಹೆಸರು ಹೇಳಲಿಲ್ಲ. “ಬೋರ್ಡು ಬಯಟ ಚೇಯಿಂಚಾಮಂಡಿ” ಎಂದ, ತೆಲುಗಿನಲ್ಲಿ. ರಾಕೆಟ್ಟಿನೊಳಗಿನ ಸರ್ಕ್ಯೂಟ್ ಬೋರ್ಡನ್ನು ಹೊರಗೆ ಮಾಡಿಸಿದ್ದೆವು ಅಂತ. ಆ ಹೊರಗಿನವಳು ನಾನು, ಅವನ ಸ್ವಂತ ಅಣ್ಣನ ಹೆಂಡತಿ. ಅವನು ಹಾಗೆ ಹೇಳುವಾಗ ನಾನು ಶಾಮಿಯಾನದ ಮೂರನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ನನ್ನ ಗಂಡ. ಎದುರಿಗೆ, ಮೈದುನನ ಬೆನ್ನ ಹಿಂದೆ, ರಾಕೆಟ್ ಟೀಮಿನ ನೀಲಿ ಟೀ ಶರ್ಟ್ ಹಾಕಿಕೊಂಡು ನಿಂತಿದ್ದವಳು ನನ್ನ ಮಗಳು.

ಇದಾಗಿ ಮೂರು ವರ್ಷವಾಯಿತು. ಮನೆಯಲ್ಲಿ ಯಾರೂ ಈ ಮಾತು ಎತ್ತುವುದಿಲ್ಲ. ಎತ್ತಿದರೆ ನಾನೇ ಎತ್ತಬೇಕು, ಎತ್ತಿದ ಕೂಡಲೇ ನಾನು ಜಗಳಗಂಟಿಯಾಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಗಂಡ ನೌಕಾಪಡೆಯಲ್ಲಿದ್ದರು. ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಅವರು ಹಡಗಿನ ಮೇಲೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮೀನಿನ ಬಂದರಿನ ಹತ್ತಿರ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ. ಮೀನು ಮಾರುವ ಹೆಂಗಸರು ತರುತ್ತಿದ್ದ ಯಂತ್ರಗಳೊಳಗೆ ಉಪ್ಪು ನೀರು, ಮೀನಿನ ಹುರುಪೆ, ರಕ್ತ. ತಾಮ್ರದ ಗೆರೆಗಳನ್ನು ಉಪ್ಪು ತಿಂದುಹಾಕಿರುತ್ತಿತ್ತು. ತಲೆಗೂದಲಿನಷ್ಟು ಸಣ್ಣ ತಂತಿ ತೆಗೆದುಕೊಂಡು ಆ ಗೆರೆಗಳನ್ನು ಮತ್ತೆ ಜೋಡಿಸುತ್ತಿದ್ದೆ. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಡಿಪ್ಲೊಮಾದಲ್ಲಿ ಕಲಿತದ್ದಕ್ಕಿಂತ ಹೆಚ್ಚು ಅಲ್ಲಿ ಕಲಿತೆ. ಮಾಲೀಕರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದಾಗ ನನ್ನ ಸೋಲ್ಡರಿಂಗ್ ಐರನ್, ಭೂತಗನ್ನಡಿ, ಗ್ರಾಂ ಲೆಕ್ಕದ ಒಂದು ಸಣ್ಣ ತಕ್ಕಡಿ ಮನೆಗೆ ತಂದುಕೊಂಡೆ. ಗಂಡ ಅಷ್ಟರಲ್ಲಿ ನಿವೃತ್ತರಾಗಿ, ಎಂವಿಪಿ ಕಾಲೋನಿಯಲ್ಲಿ ಫ್ಲಾಟ್ ತೆಗೆದುಕೊಂಡು, ಹಡಗು ರಿಪೇರಿಯ ಒಂದು ಕಂಪನಿಗೆ ಸೇರಿದ್ದರು. ಬಾಲ್ಕನಿಯಲ್ಲಿ ಒಂದು ಟೇಬಲ್ ಹಾಕಿಕೊಂಡು ಕೂತೆ. ಅಕ್ಕಪಕ್ಕದವರು ಇಂಡಕ್ಷನ್ ಒಲೆ, ಮಕ್ಕಳ ಆಟಿಕೆ, ಟಿವಿ ರಿಮೋಟ್ ತಂದುಕೊಡುತ್ತಿದ್ದರು.

ಮೈದುನ ವಿಜಯವಾಡದಲ್ಲಿದ್ದ. ಗನ್ನವರಂ ರಸ್ತೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರೊಫೆಸರ್. ನನ್ನ ಮಗಳಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. “ಹಾಸ್ಟೆಲ್ ಯಾಕ ವೈನಿ? ನನ್ನ ಮನಿ ಐತಲ್ಲ” ಎಂದು ಅವನೇ ಅವಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡ. ದೊಡ್ಡ ಉಪಕಾರ. ಅದು ಎಷ್ಟು ದೊಡ್ಡದು ಎಂದು ಆಮೇಲೆ ತಿಳಿಯಿತು.

ಒಂದು ಭಾನುವಾರ ಅವನು ವಿಶಾಖಪಟ್ಟಣಕ್ಕೆ ಬಂದಿದ್ದ. ಊಟವಾದ ಮೇಲೆ ಬಾಲ್ಕನಿಗೆ ಬಂದು ನನ್ನ ಟೇಬಲ್ ಮುಂದೆ ನಿಂತ.

“ವೈನಿ, ನೀವು ಇಷ್ಟು ಸಣ್ಣ ಸಣ್ಣ ಚಿಪ್ ಕೈಲೇ ಹಚ್ಚತೀರೇನು?”

“ಕೈಲೇ ಅಲ್ದ ಕಾಲಿಲೆ ಹಚ್ಚಲಿಕ್ಕೆ ಬರತೈತೇನು?”

ನಕ್ಕ. ಕುರ್ಚಿ ಎಳೆದುಕೊಂಡು ಕೂತು, ನನ್ನದೇ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ಒಂದು ಉದ್ದನೆಯ ಕೊಳವೆ ಬರೆದ. ಅವನ ವಿದ್ಯಾರ್ಥಿಗಳು ಮಾಡೆಲ್ ರಾಕೆಟ್ ಕಟ್ಟುತ್ತಿದ್ದರಂತೆ. ರಟ್ಟಿನ ಕೊಳವೆ, ತೋಳಿನಷ್ಟು ಉದ್ದ, ಕೆಳಗೆ ಕೊಂಡು ತಂದ ಒಂದು ಪುಟ್ಟ ಮೋಟರ್. ಮೇಲೆ ಹೋಗುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಇಳಿಸುವುದೇ ಕಷ್ಟ. ತುತ್ತತುದಿ ತಲುಪಿ ಒಂದು ಗಳಿಗೆ ನಿಲ್ಲುತ್ತದಲ್ಲ, ಆಗಲೇ ಪ್ಯಾರಾಚೂಟ್ ಹೊರಗೆ ಬೀಳಬೇಕು. ಮುಂಚೆ ಬಿದ್ದರೆ ಹರಿಯುತ್ತದೆ, ತಡವಾದರೆ ರಾಕೆಟ್ ಈಟಿಯ ಹಾಗೆ ನೆಲಕ್ಕೆ ಬರುತ್ತದೆ. ಆ ಗಳಿಗೆಯನ್ನು ಹಿಡಿಯುವ ಬೋರ್ಡು ಬೇಕು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಇಳಿಯುವುದು ನಿಂತಿತೆಂದರೆ ತುದಿ ಬಂತು ಎಂದರ್ಥ. ಆಗ ಒಂದು ತಂತಿಯನ್ನು ಕಾಯಿಸಿ ಚಿಟಿಕೆ ಮದ್ದು ಹೊತ್ತಿಸಬೇಕು, ಅದು ಪ್ಯಾರಾಚೂಟನ್ನು ತಳ್ಳುತ್ತದೆ.

“ಹುಡುಗರು ಒಂದು ಬೋರ್ಡ್ ಮಾಡ್ಯಾರ, ಇಡ್ಲಿ ತಟ್ಟಿಯಷ್ಟು ಆಗೇತಿ. ಕೊಳವಿ ಒಳಗ ಇಪ್ಪತ್ತೆರಡು ಮಿಲಿಮೀಟರ್ ಅಷ್ಟ ಜಾಗಾ. ನಿಮ್ಮ ಕೈಲೆ ಆದೀತೇನು?”

ನನ್ನ ಕೈಯಲ್ಲಿ ಏನಾದೀತು ಎಂದು ಆ ಮನೆತನದಲ್ಲಿ ಕೇಳಿದವನು ಅವನೊಬ್ಬನೇ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆಗುತ್ತದೆ ಎಂದೆ.

ಐದು ತಿಂಗಳು ಬೇರೆ ಏನನ್ನೂ ಯೋಚಿಸಲಿಲ್ಲ. ಬೋರ್ಡಿನ ಅಗಲ ಹದಿನೆಂಟು ಮಿಲಿಮೀಟರಿಗೆ ತಂದೆ. ಒಂದು ಬದಿಗೆ ಲೆಕ್ಕ ಮಾಡುವ ಚಿಪ್ಪು, ಅದರ ಬೆನ್ನಿಗೆ ನೆನಪಿನ ಚಿಪ್ಪು, ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್, ಇನ್ನೊಂದು ತುದಿಯಲ್ಲಿ ತಂತಿ ಕಾಯಿಸಲು ಕರೆಂಟು ಬಿಡುವ ಸ್ವಿಚ್ಚು. ಸೆನ್ಸರ್ ಮೊದಮೊದಲು ಹುಚ್ಚುಹುಚ್ಚಾಗಿ ಆಡುತ್ತಿತ್ತು. ಟೇಬಲ್ ಮೇಲೆ ಇಟ್ಟದ್ದು ಇಟ್ಟಹಾಗೇ ಇದ್ದರೂ ಹತ್ತು ಮೀಟರ್ ಮೇಲೆ ಹೋದೆ ಎನ್ನುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡೆ. ಬಾಲ್ಕನಿಯ ಬಿಸಿಲು ಬಂದಾಗ ಮಾತ್ರ ಹಾಗಾಗುತ್ತಿದೆ ಎಂದು ಒಂದು ಬೆಳಿಗ್ಗೆ ಗಮನಕ್ಕೆ ಬಂತು. ಅದರ ಮೇಲಿನ ಸೂಜಿಮೊನೆಯಂಥ ತೂತಿನಿಂದ ಬೆಳಕು ಒಳಹೊಕ್ಕರೆ ಅದಕ್ಕೆ ದಿಕ್ಕು ತಪ್ಪುತ್ತಿತ್ತು. ಕಪ್ಪು ಸ್ಪಂಜಿನ ಒಂದು ಚೂರು ಕತ್ತರಿಸಿ ಮುಚ್ಚಿದೆ. ಗಾಳಿ ಹೋಗುತ್ತದೆ, ಬೆಳಕು ಹೋಗುವುದಿಲ್ಲ. ಸರಿಹೋಯಿತು. ಆ ದಿನ ಯಾರಿಗಾದರೂ ಹೇಳಬೇಕು ಎನ್ನಿಸಿ ಕೆಳಗಿನ ಮನೆಯ ತೆಲುಗು ಅಕ್ಕನಿಗೆ ಹೇಳಿದೆ. ಅವರು “ಅಯ್ಯೋ, ಅವುನಾ?” ಎಂದರು, ಹೌದಾ ಅಂತ, ಕರಿಬೇವು ಕೊಟ್ಟು ಕಳಿಸಿದರು.

ಸಂಕ್ರಾಂತಿಗೆ ಮಗಳು ಬಂದಾಗ ಇಬ್ಬರೂ ಸೇರಿ ಪರೀಕ್ಷೆ ಮಾಡಿದೆವು. ಉಪ್ಪಿನಕಾಯಿಯ ದೊಡ್ಡ ಬಾಟಲಿಯೊಳಗೆ ಬೋರ್ಡು ಇಟ್ಟು, ಮುಚ್ಚಳದ ತೂತಿನಿಂದ ನಳಿಕೆ ಹಾಕಿ, ದೊಡ್ಡ ಸಿರಿಂಜಿನಿಂದ ಗಾಳಿ ಎಳೆಯುವುದು. ಗಾಳಿ ಎಳೆದರೆ ಬೋರ್ಡಿಗೆ ತಾನು ಮೇಲೆ ಹೋಗುತ್ತಿದ್ದೇನೆ ಎನ್ನಿಸುತ್ತದೆ. ಬಿಟ್ಟ ಕೂಡಲೇ ತುದಿ ಬಂತು ಎಂದುಕೊಂಡು, ಮದ್ದಿನ ತಂತಿಯ ಬದಲಿಗೆ ನಾವು ಹಚ್ಚಿದ್ದ ಕೆಂಪು ದೀಪ ಬೆಳಗಿಸುತ್ತದೆ. ಮಗಳು ಕಂಪ್ಯೂಟರಿನಲ್ಲಿ ಅಂಕಿ ಓದುತ್ತಿದ್ದಳು, ನಾನು ಎಳೆಯುತ್ತಿದ್ದೆ. ದೀಪ ಹತ್ತಿದಾಗಲೆಲ್ಲ ಅವಳು ಚಿಕ್ಕ ಹುಡುಗಿಯ ಹಾಗೆ ಕೂಗುತ್ತಿದ್ದಳು. ಶಾಲೆಗೆ ಹೋಗುವ ಮೊದಲು ನನ್ನನ್ನು ಅವ್ವಾ ಎನ್ನುತ್ತಿದ್ದವಳು, ಆಮೇಲೆ ಅಮ್ಮಾ ಎಂದಳು. ಮೈದುನನನ್ನು ಕರೆಯುವ ಕಾಕಾ ಹೋಗಿ ತೆಲುಗಿನ ಬಾಬಾಯ್ ಬಂತು. ಕನ್ನಡದಲ್ಲಿ ಕೇಳಿದರೆ ಅರ್ಧ ತೆಲುಗಿನಲ್ಲಿ ಉತ್ತರ. ಆ ನಾಲ್ಕು ದಿನ ಮಾತ್ರ ನಾವಿಬ್ಬರೂ ಒಂದೇ ಭಾಷೆ ಆಡುತ್ತಿದ್ದೇವೆ ಎನ್ನಿಸಿತ್ತು.

ಬ್ಯಾಟರಿ ಸೇರಿ ಹನ್ನೊಂದು ಗ್ರಾಂ ತೂಗಿತು. ಹಿಂಬದಿಯ ಮೂಲೆಯಲ್ಲಿ ನನ್ನ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ, ಜೋಳದ ಕಾಳಿನಷ್ಟು, ತಾಮ್ರದಲ್ಲೇ ಕೊರೆಸಿದ್ದೆ. ಜೊತೆಗೆ ಒಂದು ಹಾಳೆಯಲ್ಲಿ ಸೂಚನೆ ಬರೆದುಕೊಟ್ಟೆ. ಬೋರ್ಡು ಇರುವ ಜಾಗದಲ್ಲಿ ಕೊಳವೆಗೆ ಮೂರು ಸಣ್ಣ ತೂತು ಕೊರೆಯಬೇಕು, ಹೊರಗಿನ ಗಾಳಿ ಒಳಗೆ ಬಂದರೇನೇ ಸೆನ್ಸರಿಗೆ ಎತ್ತರ ಗೊತ್ತಾಗುವುದು, ಆ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಇನ್ನೊಂದು ಏರ್ಪಾಟೂ ಮಾಡಿದ್ದೆ. ಸೆನ್ಸರ್ ಏನಾದರೂ ಕೈಕೊಟ್ಟರೆ, ಹಾರಿದ ಇಷ್ಟು ಸೆಕೆಂಡಿಗೆ ಏನೇ ಆಗಲಿ ತಂತಿ ಕಾಯಿಸಿಬಿಡು ಎಂದು ಪ್ರೋಗ್ರಾಮಿನಲ್ಲಿ ಒಂದು ಅಂಕಿ. ಅವರ ಮೋಟರಿಗೆ ರಾಕೆಟ್ ಏಳು ಸೆಕೆಂಡಿನಲ್ಲಿ ತುದಿ ಮುಟ್ಟುತ್ತಿತ್ತು. ಹತ್ತು ಎಂದು ಹಾಕಿದ್ದೆ.

ಗನ್ನವರಂ ಹತ್ತಿರ ವಿಮಾನ ನಿಲ್ದಾಣ ಇರುವುದರಿಂದ ಕಾಲೇಜಿನ ಮೈದಾನದಲ್ಲಿ ಹಾರಿಸುವಂತಿರಲಿಲ್ಲ. ಕೊಂಡಪಲ್ಲಿ ದಾಟಿದ ಮೇಲೆ ಒಂದು ಬೀಳುಭೂಮಿಯನ್ನು ಅನುಮತಿ ತೆಗೆದುಕೊಂಡು ಗೊತ್ತುಮಾಡಿದರು. ಮೊದಲ ಸಲ ನಾನು ಹೋಗಿರಲಿಲ್ಲ. ಮಗಳು ವಿಡಿಯೊ ಕಳಿಸಿದಳು. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು, ಮುಂದೆ ಒಣಹುಲ್ಲು, ಸರ್ ಎಂದು ಬಿಳಿ ಗೆರೆಯೊಂದು ಮೇಲಕ್ಕೆ. ಆಮೇಲೆ ತುದಿಯಲ್ಲಿ ಟಪ್ ಎಂದು ಒಂದು ಸಣ್ಣ ಹೊಗೆ, ಕಿತ್ತಳೆ ಬಣ್ಣದ ಕೊಡೆ ಬಿಚ್ಚಿಕೊಂಡಿತು. ಹುಡುಗರೆಲ್ಲ ಕೇಕೆ ಹಾಕುತ್ತಾ ಓಡಿದರು. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಏಳೆಂಟು ಸಲ ನೋಡಿದೆ. ಕಣ್ಣೀರೂ ಬಂತು, ಸುಳ್ಳು ಯಾಕೆ.

ಮೂರು ದಿನ ಬಿಟ್ಟು ಗಂಡ ಫೋನಿನಲ್ಲಿ ಒಂದು ತೆಲುಗು ಪತ್ರಿಕೆಯ ತುಣುಕು ತೋರಿಸಿದರು. ಮೈದುನ ಅಂಗೈಯಲ್ಲಿ ಬೋರ್ಡು ಇಟ್ಟುಕೊಂಡು ನಗುತ್ತಿದ್ದಾನೆ. ನನಗೆ ತೆಲುಗು ಓದಲು ಚೆನ್ನಾಗಿಯೇ ಬರುತ್ತದೆ. ತಮ್ಮ ವಿಭಾಗದಲ್ಲಿ, ತಮ್ಮ ಮಾರ್ಗದರ್ಶನದಲ್ಲಿ, ವಿದ್ಯಾರ್ಥಿಗಳೇ ವಿನ್ಯಾಸ ಮಾಡಿದ ಅತಿ ಚಿಕ್ಕ ಬೋರ್ಡು ಎಂದಿತ್ತು.

“ಇದರಾಗ ನನ್ನ ಸುದ್ದೀನ ಇಲ್ಲಲ್ರೀ” ಎಂದೆ.

“ಅವನ ಕಾಲೇಜು, ಅವನ ಫೋಟೊ. ನೀ ಏನ್ ಪೇಪರಿನಾಗ ಬರಬೇಕಂತ ಮಾಡಿದ್ದೇನು?” ಎಂದರು ಗಂಡ.

ಪೇಪರಿನಲ್ಲಿ ಬರಬೇಕೆಂದು ಮಾಡಿರಲಿಲ್ಲ. ಆದರೆ ನಾನು ಮಾಡಿಲ್ಲ ಎಂದು ಬರಬಾರದಿತ್ತು. ಅವೆರಡಕ್ಕೂ ಇರುವ ವ್ಯತ್ಯಾಸ ಅವರಿಗೆ ಬಿಡಿಸಿ ಹೇಳಲು ಹೋಗಲಿಲ್ಲ.

ಆ ವಾರವೇ ಮೈದುನ ಫೋನ್ ಮಾಡಿದ. “ವೈನಿ, ನಿಮ್ಮ ಹೆಸರು ಹೇಳಬೇಕಂತನ ಇದ್ದೆ. ಆದ್ರ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡ್ರಿ, ಹೊರಗಿನವರು ಮಾಡ್ಯಾರಂದ್ರ ಮ್ಯಾನೇಜ್ಮೆಂಟಿಗೆ ಸರಿ ಅನಸಂಗಿಲ್ಲ.” ಆಮೇಲೆ ಇನ್ನೊಂದು ಮಾತು. “ಮುಂದಿನ ಬೋರ್ಡಿನಾಗ ಆ ಕನ್ನಡ ಅಕ್ಷರ ತಗದು ಕಾಲೇಜಿನ ಲಾಂಛನ ಹಾಕಲಿಕ್ಕೆ ಬರತೈತೇನು? ದೊಡ್ಡವರೆಲ್ಲ ಬರೋ ಕಾರ್ಯಕ್ರಮ ಐತಿ.”

ತೆಗೆದೆ. ಯಾರೂ ಬಲವಂತ ಮಾಡಲಿಲ್ಲ. ಮಗಳು ಅವನ ಮನೆಯಲ್ಲಿ ಊಟ ಮಾಡುತ್ತಿದ್ದಾಳೆ ಎಂದುಕೊಂಡೆ, ಮೌಸ್ ಒತ್ತಿದೆ, ಅಕ್ಷರ ಅಳಿಸಿಹೋಯಿತು.

ಆ ದೊಡ್ಡ ಕಾರ್ಯಕ್ರಮಕ್ಕೆ ನಾವಿಬ್ಬರೂ ಹೋದೆವು. ಹಿಂದಿನ ದಿನದ ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನ ವಿಜಯವಾಡ ಮುಟ್ಟಿದೆವು. ಮರುದಿನ ಕಾಲೇಜಿನ ಬಸ್ಸುಗಳಲ್ಲೇ ಕೊಂಡಪಲ್ಲಿಯ ಆಚೆಯ ಬಯಲಿಗೆ. ಶಾಮಿಯಾನ, ಮೈಕು, ಆಡಳಿತ ಮಂಡಳಿಯವರಿಗೆ ಸೋಫಾ, ತಂದೆತಾಯಿಗಳಿಗೆ ಪ್ಲಾಸ್ಟಿಕ್ ಕುರ್ಚಿ. ನನ್ನನ್ನು ಕಂಡವರೆಲ್ಲ ಸಾರ್ ಅವರ ವದಿನ ಎಂದು ನಮಸ್ಕಾರ ಮಾಡಿದರು. ವದಿನ ಎಂದರೆ ಅತ್ತಿಗೆ. ಬೋರ್ಡಿನ ಮಾತು ಯಾರ ಬಾಯಲ್ಲೂ ಇರಲಿಲ್ಲ.

ರಾಕೆಟ್ ದೂರದಲ್ಲಿ ಕಂಬಿಯ ಮೇಲೆ ನಿಂತಿತ್ತು. ಹೋದ ಸಲ ವಿಡಿಯೊದಲ್ಲಿ ನೋಡಿದ್ದು ಬಿಳಿ ಕೊಳವೆ. ಈ ಸಲ ಹಳದಿ, ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಖರ್ಚು ಕೊಟ್ಟ ಯಾವುದೋ ಕೋಚಿಂಗ್ ಸಂಸ್ಥೆಯ ಜಾಹೀರಾತನ್ನು ಮೇಲಿನಿಂದ ಕೆಳಗಿನವರೆಗೆ ಸುತ್ತಿದ್ದರು. ಚೆಂದ ಕಾಣುತ್ತಿದೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ. ಅದೇ ಬೋರ್ಡಿನ ಬಗ್ಗೆ ಐದು ತಿಂಗಳು ತಲೆ ಕೆಡಿಸಿಕೊಂಡವಳು ನಾನು, ಆದರೂ ನನಗೆ ಹೊಳೆಯಲಿಲ್ಲ.

ಹತ್ತರಿಂದ ಒಂದರವರೆಗೆ ಎಲ್ಲರೂ ಸೇರಿ ಎಣಿಸಿದರು. ರಾಕೆಟ್ ಹೋಯಿತು. ಮೇಲೆ ಹೋಗಿ ಸಣ್ಣಗಾಯಿತು, ಬಾಗಿತು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು. ಹೊಗೆ ಬರಲಿಲ್ಲ. ಮೂತಿ ಕೆಳಗೆ ಮಾಡಿ ಬರಲು ಶುರುವಾಯಿತು. ಯಾರೋ ಚಪ್ಪಾಳೆ ತಟ್ಟುತ್ತಲೇ ಇದ್ದರು, ಇದೂ ಆಟದ ಭಾಗ ಎಂದುಕೊಂಡು. ಆಮೇಲೆ ಹೆಂಗಸರು ಕಿರುಚಿದರು. ಶಾಮಿಯಾನದ ಬಲಗಡೆ ನಿಲ್ಲಿಸಿದ್ದ ಕಾಲೇಜ್ ಬಸ್ಸಿನ ಮುಂದಿನ ಗಾಜಿಗೆ ಬಂದು ಬಡಿಯಿತು. ಬಸ್ಸಿನೊಳಗೆ ಯಾರೂ ಇರಲಿಲ್ಲ. ಡ್ರೈವರ್ ಟೀ ಕುಡಿಯಲು ಇಳಿದಿದ್ದ. ದೇವರು ದೊಡ್ಡವನು ಎಂದರು ಎಲ್ಲರೂ.

ಸೋಫಾದ ಮೇಲಿದ್ದ ಹಿರಿಯರೊಬ್ಬರು ಎದ್ದು ನಿಂತು ಮೈದುನನನ್ನು ಏನೋ ಕೇಳಿದರು. ಅವನ ಮುಖ ಬಿಳಿಚಿಕೊಂಡಿತ್ತು. ಆಗ ಮೈಕು ತೆಗೆದುಕೊಂಡು ಹೇಳಿದ್ದು ಆ ಮಾತು. ರಾಕೆಟ್ ನಮ್ಮ ಹುಡುಗರು ಕಟ್ಟಿದ್ದು, ಚೆನ್ನಾಗಿಯೇ ಹಾರಿತು. ಬೋರ್ಡನ್ನು ಹೊರಗೆ ಮಾಡಿಸಿದ್ದೆವು, ಅದು ಕೈಕೊಟ್ಟಿತು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ.

ನಾನು ಮಗಳ ಮುಖ ನೋಡಿದೆ. ಅವಳು ತನ್ನ ಶೂ ನೋಡಿಕೊಳ್ಳುತ್ತಿದ್ದಳು. ಗಂಡನ ಮುಖ ನೋಡಿದೆ. “ಸುಮ್ನಿರು, ಇಲ್ಲೆಲ್ಲಾ ಮಂದಿ ಅದಾರ” ಎಂದರು, ನಾನಿನ್ನೂ ಬಾಯಿ ತೆರೆದೇ ಇರಲಿಲ್ಲ.

ಜನ ಚದುರಿದ ಮೇಲೆ ಎದ್ದು ಬಸ್ಸಿನ ಹತ್ತಿರ ಹೋದೆ. ರಾಕೆಟ್ಟಿನ ಮೇಲಿನ ಅರ್ಧಭಾಗ, ಒಡೆದ ಗಾಜಿನ ಚೂರುಗಳ ನಡುವೆ ಬಿದ್ದಿತ್ತು. ಎತ್ತಿಕೊಂಡು ಬೋರ್ಡು ಇರುವ ಜಾಗದಲ್ಲಿ ಹೆಬ್ಬೆರಳು ಆಡಿಸಿದೆ. ನುಣುಪಾದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮೂರು ಸಣ್ಣ ತಗ್ಗುಗಳು ಸಿಕ್ಕವು. ನಾನು ಹೇಳಿದಂತೆಯೇ ತೂತು ಕೊರೆದಿದ್ದರು. ಆಮೇಲೆ ಅವುಗಳ ಮೇಲೆ ಸ್ಟಿಕರ್ ಅಂಟಿಸಿದ್ದರು. ಮೂಗು ಬಾಯಿ ಮುಚ್ಚಿ ಉಸಿರಾಡು ಎಂದ ಹಾಗೆ.

ಮಗಳು ಬಂದು ಪಕ್ಕದಲ್ಲಿ ನಿಂತಳು.

“ಇದನ್ನ ಯಾರು ಅಂಟಿಸಿದ್ರು?”

“ನಾನೇ ಅಮ್ಮಾ.”

“ತೂತು ಅದಾವಂತ ಗೊತ್ತಿರಲಿಲ್ಲೇನು ನಿನಗ?”

“ಗೊತ್ತಿತ್ತು. ಬಾಬಾಯಿಗೆ ಹೇಳಿದೆ. ತೂತು ಬಿಟ್ಟು ಕಟ್ ಮಾಡಿದ್ರೆ ಜಾಹೀರಾತಿನ ಅಕ್ಷರ ಕಟ್ ಆಗುತ್ತೆ, ಪರವಾಗಿಲ್ಲ, ಗಾಳಿ ಹೇಗಾದ್ರೂ ಹೋಗುತ್ತೆ, ಅಂಟಿಸು ಅಂದ್ರು.”

“ಮೈಕಿನಾಗ ಅವ ಹಂಗ ಅಂದಾಗ ಇದನ್ನ ಹೇಳಬೇಕಾಗಿತ್ತಲ್ಲ.”

“ಅಮ್ಮಾ, ವದಿಲೇಯ್.” ಬಿಟ್ಟುಬಿಡು ಅಂತ. “ಮುಂದಿನ ವರ್ಷ ನನ್ನ ಪ್ರಾಜೆಕ್ಟ್ ಗೈಡ್ ಅವರೇ. ಅವರ ಮನೇಲೇ ಇದೀನಿ. ನಾನೇನು ಮಾಡಲಿ?”

ಅಕ್ಷರ ಅಳಿಸುವಾಗ ನಾನೂ ಅದನ್ನೇ ಲೆಕ್ಕ ಹಾಕಿದ್ದೆ. ಆದರೆ ಕಾರಣ ಅರ್ಥವಾದರೆ ನೋವು ಕಡಿಮೆಯಾಗುತ್ತದೆ ಎನ್ನುವುದು ಸುಳ್ಳು. ಒಡೆದ ರಾಕೆಟ್ಟಿನಿಂದ ಬೋರ್ಡು ಬಿಚ್ಚಿ ನನ್ನ ಪರ್ಸಿನಲ್ಲಿ ಹಾಕಿಕೊಂಡೆ. ಯಾರೂ ಬೇಡ ಎನ್ನಲಿಲ್ಲ, ಅದು ಯಾರಿಗೂ ಬೇಕಾಗಿರಲಿಲ್ಲ.

ವಿಶಾಖಪಟ್ಟಣಕ್ಕೆ ವಾಪಸು ಬಂದ ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ನೆನಪಿನ ಚಿಪ್ಪಿನಲ್ಲಿ ಇದ್ದದ್ದನ್ನು ಕಂಪ್ಯೂಟರಿಗೆ ಎಳೆದುಕೊಂಡೆ. ಬೋರ್ಡು ಬಡಿತದ ಕ್ಷಣದವರೆಗೂ ಬರೆದಿಟ್ಟುಕೊಂಡಿತ್ತು. ಮಗಳು ಕಳಿಸಿದ್ದ ಹೋದ ಸಲದ ಎತ್ತರದ ಗೆರೆ ಗುಡ್ಡದ ಹಾಗೆ ಏರಿ, ನೆತ್ತಿ ಮುಟ್ಟಿ, ಇಳಿದಿತ್ತು. ಈ ಸಲದ್ದು ಏರುತ್ತಲೇ ಇತ್ತು, ನಿಧಾನವಾಗಿ. ಕೊಳವೆಯ ಸಂದಿಗಳಿಂದ ಅಷ್ಟಷ್ಟೇ ಗಾಳಿ ಸೋರಿಹೋಗುತ್ತಿದ್ದುದರಿಂದ, ರಾಕೆಟ್ ತಲೆಕೆಳಗಾಗಿ ನೆಲಕ್ಕೆ ಬರುತ್ತಿದ್ದಾಗಲೂ ಬೋರ್ಡು ತಾನಿನ್ನೂ ಮೇಲೆ ಹೋಗುತ್ತಿದ್ದೇನೆ ಎಂದುಕೊಂಡಿತ್ತು. ಹದಿನೈದನೆಯ ಸೆಕೆಂಡಿಗೆ ಗೆರೆ ನಿಂತಿತ್ತು. ಅದು ಬಸ್ಸಿನ ಗಾಜು.

ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಒಳಗೊಳಗೇ ಖುಷಿಯಾಯಿತು. ಆ ಖುಷಿ ಅರ್ಧ ನಿಮಿಷ ಇದ್ದಿರಬೇಕು. ಹದಿನೈದು ಎಂದೆನಲ್ಲ, ಹಾಗಾದರೆ ಹತ್ತನೆಯ ಸೆಕೆಂಡಿಗೆ ಏನಾಯಿತು? ಸೆನ್ಸರ್ ಏನೇ ಅನ್ನಲಿ, ಹತ್ತಕ್ಕೆ ತಂತಿ ಕಾಯಬೇಕಿತ್ತಲ್ಲ. ಪ್ರೋಗ್ರಾಮು ತೆರೆದು ನೋಡಿದೆ. ಇಪ್ಪತ್ತು ಎಂದಿತ್ತು.

ನಾನೇ ಬರೆದದ್ದು. ಕಾರ್ಯಕ್ರಮಕ್ಕೆ ದೊಡ್ಡ ಮೋಟರ್ ಹಾಕುತ್ತೇವೆ, ಇನ್ನೂ ಮೇಲೆ ಹೋಗುತ್ತದೆ ಎಂದು ಮೈದುನ ಹೇಳಿದ್ದಕ್ಕೆ ಹತ್ತು ತೆಗೆದು ಇಪ್ಪತ್ತು ಹಾಕಿದ್ದೆ. ಆಮೇಲೆ ದೊಡ್ಡ ಮೋಟರಿಗೆ ಅನುಮತಿ ಸಿಗಲಿಲ್ಲ, ಹಳೆಯದನ್ನೇ ಹಾಕುತ್ತೇವೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಆಗ ನಾನು ಶೇಂಗಾ ಹುರಿಯುತ್ತಿದ್ದೆ. ಆಯಿತು ಎಂದೆ. ಶೇಂಗಾ ಹೊತ್ತಬಾರದು ಎಂದು ಒಲೆಯ ಕಡೆ ತಿರುಗಿದೆ. ಅಲ್ಲಿಗೆ ಮರೆತೆ. ಬೋರ್ಡು ಆಗಲೂ ನನ್ನ ಟೇಬಲ್ ಮೇಲೆಯೇ ಇತ್ತು, ಇನ್ನೂ ಎರಡು ದಿನ ಇತ್ತು. ಹತ್ತು ಎಂದಿದ್ದಿದ್ದರೆ, ತೂತು ಮುಚ್ಚಿದ್ದರೂ, ಮೂರು ಸೆಕೆಂಡು ತಡವಾಗಿ ಕೊಡೆ ಹೊರಗೆ ಬರುತ್ತಿತ್ತು. ಹರಿಯುತ್ತಿತ್ತೇನೋ. ಆದರೂ ಅಷ್ಟು ಜೋರಾಗಿ ಬಂದು ಬಡಿಯುತ್ತಿರಲಿಲ್ಲ.

ಮೀನಿನ ಬಂದರಿನಲ್ಲಿ ಹನ್ನೊಂದು ವರ್ಷ ಎಷ್ಟೋ ಯಂತ್ರ ಕೊಟ್ಟೆ, ಒಂದು ಅಂಕಿ ತಪ್ಪಾಗಿ ಹೊರಗೆ ಬಿಟ್ಟವಳಲ್ಲ.

ಆಮೇಲೆ ಎರಡು ಹಾರಾಟದ ಗೆರೆಗಳನ್ನು ಅಕ್ಕಪಕ್ಕ ಹಾಕಿ ಒಂದು ಚಿತ್ರ ಮಾಡಿ, ಸ್ಟಿಕರಿನ ಫೋಟೊ ಸೇರಿಸಿ, ಮೈದುನನಿಗೆ ವಾಟ್ಸಾಪ್ ಮಾಡಿದೆ. ತೂತು ಮುಚ್ಚಿದ್ದರಿಂದ ಹೀಗಾಯಿತು, ಬೋರ್ಡಿನ ತಪ್ಪಲ್ಲ ಎಂದು ಬರೆದೆ. ಇಪ್ಪತ್ತರ ಸುದ್ದಿ ಬರೆಯಲಿಲ್ಲ. ಅವನು ಫೋನ್ ಮಾಡಿ ಕೇಳಿದರೆ, ವೈನಿ ನಿಜವಾಗಿ ಏನಾಯಿತು ಎಂದು ಒಂದು ಮಾತು ಕೇಳಿದರೆ, ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ನೋಡಿದ ಗುರುತು ಬಂತು. ಸಂಜೆಗೆ ಉತ್ತರ ಬಂತು. ಕೈ ಮುಗಿದ ಚಿತ್ರ, ಅದರ ಕೆಳಗೆ, “ಆಗಿದ್ದು ಆಗಿ ಹೋತು ವೈನಿ. ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಹದಿನೈದು ದಿನದ ಮೇಲೆ ಮಗಳು ಮನೆಗೆ ಬಂದಾಗ, ಅವನು ಕಾಲೇಜಿಗೆ ಕೊಟ್ಟ ವರದಿಯನ್ನು ಮಗಳ ಫೋನಿನಲ್ಲಿ ನೋಡಿದೆ. ವೃತ್ತಿಪರರಲ್ಲದ ಒಬ್ಬರು ಮನೆಯಲ್ಲಿ ತಯಾರಿಸಿದ ಬೋರ್ಡಿನ ದೋಷ ಎಂದಿತ್ತು. ಸ್ಟಿಕರಿನ ಮಾತಿರಲಿಲ್ಲ. ನಾನು ಕಳಿಸಿದ ಚಿತ್ರ ಇರಲಿಲ್ಲ. ಹಿಂದಿನ ಸಲದ ಯಶಸ್ಸಿನ ಬಗ್ಗೆ ಒಂದು ಪುಟ ಇತ್ತು; ಅದರಲ್ಲಿ ಬೋರ್ಡು ವಿಭಾಗದ ವಿನ್ಯಾಸವಾಗಿಯೇ ಉಳಿದಿತ್ತು.

ಗಂಡನಿಗೆ ತೋರಿಸಿದೆ. ಓದಿ ಫೋನ್ ವಾಪಸು ಕೊಟ್ಟರು. “ಅವನ ನೌಕರಿ ಪ್ರಶ್ನೆ. ನಿನ್ನದೇನು ಹೋತು? ನಿನಗೇನು ನೌಕರಿ ಐತೇನು ಹೋಗಲಿಕ್ಕೆ?”

ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟ ಮನುಷ್ಯರು ಹಾಗೆ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಅವರು ನಿಜವಾಗಿಯೂ ಹಾಗೆಯೇ ತಿಳಿದಿದ್ದಾರೆ ಎಂದು ಆ ದಿನ ಗೊತ್ತಾಯಿತು. ಇಷ್ಟು ವರ್ಷ ಬಾಲ್ಕನಿಯಲ್ಲಿ ನಾನು ಏನೋ ಹೊತ್ತು ಕಳೆಯುತ್ತಿದ್ದೇನೆ ಎಂದೇ ಅವರು ಅಂದುಕೊಂಡಿದ್ದರು.

ಕಾಲೇಜಿನವರು ಆಮೇಲೆ ವಿದೇಶದಿಂದ ರೆಡಿಮೇಡ್ ಬೋರ್ಡು ತರಿಸಿಕೊಂಡರಂತೆ. ಅದಕ್ಕೆ ತಕ್ಕ ಹಾಗೆ ಕೊಳವೆಯನ್ನೇ ದಪ್ಪ ಮಾಡಿದರಂತೆ. ಮಗಳು ಓದು ಮುಗಿಸಿ ಹೈದರಾಬಾದಿನಲ್ಲಿ ಡ್ರೋನ್ ಮಾಡುವ ಒಂದು ಕಡೆ ಕೆಲಸಕ್ಕೆ ಸೇರಿದಳು. ಸಂದರ್ಶನ ಹೇಗಾಯಿತು ಎಂದು ಕೇಳಿದೆ. ಆ ಬೋರ್ಡಿನ ಫೋಟೊ ತೋರಿಸಿದೆ, ತುಂಬಾ ಇಷ್ಟಪಟ್ಟರು ಎಂದಳು. ಯಾರು ಮಾಡಿದ್ದು ಅಂತ ಅವರಿಗೆ ಹೇಳಿದಿ ಎಂದು ಕೇಳಿದರೆ, “ನಮ್ಮ ಟೀಮ್ ಅಂದೆ ಅಮ್ಮಾ. ಹಾಗೇ ಹೇಳೋದು ಎಲ್ಲರೂ.” ತಪ್ಪೇನೂ ಹೇಳಲಿಲ್ಲ ಎನ್ನುವ ದನಿ. ಒಳ್ಳೆಯದಾಯಿತು ಮಗಳೇ ಎನ್ನಲು ನನಗೆ ಬಾಯಿ ಬಂತು. ಮನಸ್ಸು ಬರಲಿಲ್ಲ. ತಾಯಿಯಾದವಳು ಹಾಗೆ ಬರೆಯಬಾರದೇನೋ.

ಹೋದ ತಿಂಗಳು ಮೈದುನ ಬಂದಿದ್ದ. ಈ ಮೂರು ವರ್ಷದಲ್ಲಿ ಬಂದುಹೋಗಿ ಮಾಡುತ್ತಲೇ ಇದ್ದಾನೆ. ಅಣ್ಣ ತಮ್ಮ ಚೆನ್ನಾಗಿದ್ದಾರೆ, ನಾನು ಉಪ್ಪಿಟ್ಟು ಕೊಡುತ್ತೇನೆ, ಅವನು ಚಲೋ ಆಗೇತಿ ವೈನಿ ಎನ್ನುತ್ತಾನೆ. ಈ ಸಲ ಟೀ ಕುಡಿಯುತ್ತಾ ಶುರುಮಾಡಿದ.

“ವೈನಿ, ಹೊಸಾ ಹುಡುಗರು ಬಂದಾರ. ಇನ್ನೂ ಸಣ್ಣ ರಾಕೆಟ್, ಹದಿನೆಂಟು ಮಿಲಿಮೀಟರ್ ಕೊಳವಿ. ಅಷ್ಟು ಸಣ್ಣ ಬೋರ್ಡ್ ಎಲ್ಲೂ ಸಿಗವಲ್ದು. ನಿಮಗಷ್ಟ ಬರತೈತಿ ಅದು.”

ಗಂಡ ನನ್ನ ಕಡೆ ನೋಡಿದರು, ಹೂಂ ಅನ್ನು ಎನ್ನುವ ಹಾಗೆ.

“ಆಗಂಗಿಲ್ಲ” ಎಂದೆ.

“ಯಾಕ್ ವೈನಿ, ಕಣ್ಣಿಗೆ ತ್ರಾಸ ಆಗತೈತೇನು?”

“ಕಣ್ಣು ಚಲೋ ಅದಾವು. ಮನಸಿಲ್ಲ.”

ಆ ಉತ್ತರಕ್ಕೆ ಯಾರೂ ತಯಾರಿರಲಿಲ್ಲ. ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳಬಹುದು, ಮನಸ್ಸಿಲ್ಲ ಎಂದರೆ ಏನು ಕೇಳುತ್ತಾರೆ? ಅವನು ಟೀ ಮುಗಿಸಿ, ಅಣ್ಣನ ಜೊತೆ ಊರಿನ ಮನೆಯ ತಗಡಿನ ವಿಷಯ ಮಾತಾಡಿ, ರೈಲಿಗೆ ಹೊತ್ತಾಯಿತು ಎಂದು ಎದ್ದ. ಬಾಗಿಲಲ್ಲಿ ನಿಂತು, “ಬರತೇನ್ರಿ ವೈನಿ” ಎಂದ. ಹೂಂ ಎಂದೆ. ಗಂಡ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಆ ಎರಡು ದಿನವೂ ಪಲ್ಯ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಹದಿನೆಂಟು ಮಿಲಿಮೀಟರಿನ ಕೊಳವೆಯೇ ತಲೆಯಲ್ಲಿ ತಿರುಗುತ್ತಿತ್ತು. ಬೋರ್ಡಿನ ಅಗಲ ಹದಿನಾಲ್ಕಕ್ಕೆ ಇಳಿಸಬೇಕು. ಬ್ಯಾಟರಿಯನ್ನು ಪಕ್ಕಕ್ಕಲ್ಲ, ಉದ್ದಕ್ಕೆ ತುದಿಗೆ ಹಾಕಬೇಕು. ಎರಡು ಚಿಪ್ಪಿನ ಕೆಲಸ ಒಂದೇ ಚಿಪ್ಪು ಮಾಡುವಂಥದ್ದು ಈಗ ಬಂದಿದೆ. ಆಗುತ್ತದೆ, ನನಗೆ ಗೊತ್ತು. ಮೂರನೆಯ ದಿನ ಗಂಡ ಮಾತಾಡಿದರು, ಮೊಸರು ತರಬೇಕೇ ಎಂದು ಕೇಳಿದರು. ತರಬೇಕು ಎಂದೆ.